ಅಪೇಲುವಿನ ಅಂಗಳ

ಚಾಪೆಯೊಳಗೆ ಇಲಿ ಉಚ್ಚೆಯ ನಾತ. ಮಂಡಿಯೂರಿ ಕೂತ ಲಫಾಯೆಲೆಗೆ ವಾಕರಿಕೆ ಬಂತು. ಅವನು ತಲೆಯ ಮೇಲೆ ಹೊದ್ದದ್ದು ಅಜ್ಜಿಯ ಕಾಲದ ನಯವಾದ ಚಾಪೆ. ಮದುವೆಗೆ, ಇಲ್ಲವೇ ಮಣ್ಣಿಗೆ ಮಾತ್ರ ಪೆಟ್ಟಿಗೆ ಬಿಟ್ಟು ಹೊರಗೆ ಬರುವಂಥದ್ದು. ಈಗ ಒಬ್ಬ ಮೀನಿನ ಡಬ್ಬಿ ಕಳ್ಳನ ದೆಸೆಯಿಂದ ಅದರ ಅಂಚು ಅಂಗಡಿ ಅಪೇಲುವಿನ ಅಂಗಳದ ಕೋಳಿ ಹಿಕ್ಕೆಯಲ್ಲಿ ಹೊರಳುತ್ತಿತ್ತು.

ಕಳ್ಳ ಪಕ್ಕದಲ್ಲೇ ಇದ್ದ. ತಂಗಿಯ ಮಗ ಪೆನಿ, ಇನ್ನೂ ಮೀಸೆ ಮೂಡದವನು.

"ಮಾವ, ನಾನು ಕದ್ದಿಲ್ಲ."

"ಬಾಯ್ಮುಚ್ಚು. ಉಸಿರೂ ಬಿಡಬೇಡ, ನಾರ್ತೀಯ."

ಪದ್ಧತಿ ಹಳೆಯದು. ತಪ್ಪು ಮಾಡಿದವರ ಮನೆಯವರು ಬೆಳಕು ಹರಿಯುವ ಮುಂಚೆ ನೊಂದವರ ಅಂಗಳದಲ್ಲಿ ಚಾಪೆ ಹೊದ್ದು ಮಂಡಿಯೂರಬೇಕು. ನೊಂದವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತುವವರೆಗೆ ಏಳುವಂತಿಲ್ಲ, ಇಣುಕುವಂತಿಲ್ಲ. ಎತ್ತದಿದ್ದರೆ ಇವತ್ತಿನ ಮೊದಲ ಬಸ್ಸಿಗೆ ಪೆನಿ ಪಟ್ಟಣದ ಪೊಲೀಸರ ಪಾಲು.

ಲಫಾಯೆಲೆ ಸಾಮಾನ್ಯನಲ್ಲ. ಊರ ಹುಡುಗರನ್ನು ದಾರಿಗೆ ತರುವ ಸಮಿತಿಗೆ ಅವನೇ ಯಜಮಾನ. ಹುಡುಗ ಎಡವಿದರೆ ಊರೇ ಕೈಹಿಡಿದು ಎಬ್ಬಿಸಬೇಕು, ಠಾಣೆಗೆ ಅಟ್ಟಬಾರದು. ಇದು ಸಮಿತಿಯ ಮಾತು. ಕಳ್ಳ ಹುಡುಗರಿಂದ ಕೆಸುವಿನ ತೋಟ ಅಗೆಸಿದ್ದ, ಚರ್ಚಿನಲ್ಲಿ ಹಾಡಿಸಿದ್ದ. ಇಡೀ ಸಮೋವಾದಲ್ಲಿ ತನ್ನಂಥವನಿಲ್ಲ, ತನ್ನನ್ನು ಕಂಡರೆ ಸಮುದ್ರದ ಮೀನು ಕೂಡ ಕದ್ದ ಹುಳವನ್ನು ಉಗುಳಿ ಹೋಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದ.

ಅಂಥವನ ಮನೆಯಲ್ಲೇ ಕಳ್ಳ! ಅಪೇಲುವಿನ ಅಂಗಡಿಯಿಂದ ಮೀನಿನ ಡಬ್ಬಿಗಳು ಕಾಣೆಯಾದ ದಿನ ಪೆನಿ ಅದರ ಹಿಂದೆ ಸುಳಿದಾಡಿದ್ದನ್ನು ಯಾರೋ ಕಂಡರಂತೆ. ಅಷ್ಟೇ ಸಾಕಾಯಿತು. ಸ್ವಂತದವನೆಂದು ಬಿಟ್ಟ ಅನ್ನಬಾರದಲ್ಲ. ನಿನ್ನೆ ಲಫಾಯೆಲೆ ತಾನೇ ಹುಡುಗನ ತಲೆ ಬೋಳಿಸಿದ. ಎಣ್ಣೆ ಸೋರುವ ಮೀನಿನ ಡಬ್ಬಿಗಳನ್ನು ಪೋಣಿಸಿ ಕೊರಳಿಗೆ ಹಾಕಿ ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದ. ನೊಣ ಮುತ್ತಿದವು. ಬಂದವರು ಹೋದವರು ಮೂಗು ಮುಚ್ಚಿಕೊಂಡರು. ಒಬ್ಬ ಮುದುಕಿ ಉಗಿದಳು. ಪೆನಿ ಒರೆಸಿಕೊಳ್ಳಲೂ ಇಲ್ಲ.

ಸಂಜೆ ಅಪೇಲುವಿನ ಹೆಂಡತಿ ಸಿಯೇನಿ ಏದುಸಿರು ಬಿಡುತ್ತ ಬಂದಿದ್ದಳು.

"ನಾಳೆ ನಮ್ಮನೆಗೆ ಬರಬೇಡಿ ಯಜಮಾನರೆ. ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮವರು ಹೇಳಿ ಕಳಿಸಿದ್ದಾರೆ."

ಇನ್ನೇನೋ ಹೇಳಲು ಬಾಯಿ ತೆರೆದಳು. ಲಫಾಯೆಲೆ ಬಿಡಲಿಲ್ಲ.

"ಗೊತ್ತಾಯ್ತು ಹೋಗಮ್ಮ. ಈ ಹೊಲಸಿನ ವಿಷಯ ನನ್ನ ಹೊಸ್ತಿಲಲ್ಲಿ ಬೇಡ."

ಅವಳು ಹೋದ ಮೇಲೆ ಪೆನಿಯತ್ತ ತಿರುಗಿದ. "ನೋಡಿದ್ಯಾ ಎಷ್ಟು ಸಿಟ್ಟು? ನಮ್ಮ ಮಂಡಿ ಕೂಡ ಅವರಿಗೆ ಬೇಡವಂತೆ!"

ಆದ್ದರಿಂದಲೇ ಕೋಳಿ ಕೂಗುವ ಮೊದಲೇ ಬಂದು ಕೂತದ್ದು.

ಬೆಳಕಾಯಿತು. ಬಾಗಿಲು ಕಿರ್ರೆಂದಿತು. ಹೆಂಗಸು ಬಿಕ್ಕುವ ಸದ್ದು. "ನಡೀ ಹೊರಗೆ, ನಾಚಿಕೆಗೆಟ್ಟವನೆ," ಎಂದು ಅಪೇಲು ಗದರಿದ. ಹೆಜ್ಜೆಗಳು ಹತ್ತಿರ ಬಂದವು. ನಿಂತವು.

"ನಿನಗೇ ಹೇಳ್ತಿರೋದು. ತಲೆ ತಗ್ಗಿಸು," ಎಂದು ಲಫಾಯೆಲೆ ಪೆನಿಯ ಬೋಳು ತಲೆಯನ್ನು ನೆಲಕ್ಕೆ ಒತ್ತಿದ.

ಯಾರೂ ಚಾಪೆ ಎತ್ತಲಿಲ್ಲ. ಬಿಸಿಲೇರಿತು. ಇರುವೆ ತೊಡೆ ಹತ್ತಿತು. ಬೆವರು ಬಾಯಿಗಿಳಿಯಿತು.

"ಬೇಯಿಸ್ತಿದ್ದಾನೆ ಕಣೋ, ಹಂದೀನ ಬೇಯಿಸೋ ಹಾಗೆ. ಎಲ್ಲಾ ನಿನ್ನಿಂದ. ನಿನ್ನ ಪಕ್ಕ ಕೂರೋದಕ್ಕೇ ನನಗೆ ಅಸಹ್ಯ."

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಪೆನಿ ತಡೆಯಲಾರದೆ ಚಾಪೆಯ ಅಂಚು ಸರಿಸಿದ.

"ಮಾವ..."

"ಇಣುಕಬೇಡ್ವೋ ದರಿದ್ರದವನೆ!"

"ಎದುರಿಗೂ ಒಂದು ಚಾಪೆ ಇದೆ ಮಾವ. ಅದರೊಳಗೆ ಯಾರೋ ಮಂಡಿಯೂರಿ ಕೂತಿದ್ದಾರೆ."

ಆ ಚಾಪೆಯೊಳಗಿಂದ ಅಪೇಲುವಿನ ದನಿ ಬಂತು.

"ಪೆನಿ, ಮಗಾ... ಡಬ್ಬಿಗಳು ನನ್ನ ಮಗನ ಹಾಸಿಗೆ ಕೆಳಗೆ ಸಿಕ್ಕಿದ್ವಪ್ಪ, ನಿನ್ನೆ ಸಂಜೆ. ನಾವೇ ನಿನ್ನ ಹತ್ರ ಬರೋರಿದ್ವಿ. ಅದಕ್ಕೇ ಬರಬೇಡಿ ಅಂತ ಹೇಳಿ ಕಳಿಸಿದ್ದು. ಇವನೂ ಇಲ್ಲೇ ಕೂತಿದ್ದಾನೆ, ನೋಡು."

ಲಫಾಯೆಲೆಯ ಪಕ್ಕ ಖಾಲಿಯಾಯಿತು. ಎದುರಿನ ಚಾಪೆ ಎತ್ತಿದ ಸರಸರ ಸದ್ದು. "ಏಳಿ ದೊಡ್ಡಪ್ಪ," ಎಂದ ಪೆನಿ. ಅಪ್ಪ ಮಗ ಇಬ್ಬರೂ ಹೋ ಎಂದು ಅತ್ತರು.

ಲಫಾಯೆಲೆಯ ಎದೆ ಹಗುರಾಯಿತು. ತನ್ನ ಮನೆಯಲ್ಲಿ ಕಳ್ಳನಿಲ್ಲ! ಹೊಲಸೆಲ್ಲ ಅಪೇಲುವಿನ ಮನೆಯದು. ಥೂ, ಎಂಥಾ ಮಗನನ್ನು ಸಾಕಿದ್ದಾನೆ!

"ಅಪೇಲೂ, ಅತ್ತಿದ್ದು ಸಾಕು, ಬಾರಯ್ಯ. ಬೇಗ ಚಾಪೆ ಎತ್ತು. ಈ ನಾತ ತಡೆಯೋಕಾಗ್ತಿಲ್ಲ."

"ನಾನು ಹೇಗೆ ಎತ್ತಲಿ ಯಜಮಾನರೆ? ನೀವು ನನಗೇನೂ ತಪ್ಪು ಮಾಡಿಲ್ವಲ್ಲ."

ಪೆನಿಯ ಬರಿಗಾಲಿನ ಹೆಜ್ಜೆ ಲಫಾಯೆಲೆಯ ಚಾಪೆಯ ಹತ್ತಿರ ಬಂತು, ನಿಂತಿತು, ದಾಟಿ ಹೋಯಿತು.