ಬಾಗಿಲಲ್ಲಿ ನಿಲ್ಲುವವನು

ಟೆಕ್ಸಸ್ಸಿನ ಸೆಕೆಯಲ್ಲೂ ಭಾನುವಾರದ ಕೋಟು ತೊಟ್ಟು ಆಲ್ವಿನ್ ಕುಬೇನಾ ಬಂದೂಕಿನಂಗಡಿಯ ಕನ್ನಡಿಯ ಮುಂದೆ ತಿರುಗಿ ನೋಡಿಕೊಂಡ. ಸೊಂಟಕ್ಕೆ ಸಿಕ್ಕಿಸಿದ ಗಿಡ್ಡ ರಿವಾಲ್ವರ್ ಒಂದಿಷ್ಟೂ ಕಾಣಲಿಲ್ಲ. ಮೂರು ವಾರದ ಹಿಂದೆ ತಮ್ಮ ಚರ್ಚಿಗೆ ಬೆದರಿಕೆಯ ಪತ್ರ ಬಂದಂದಿನಿಂದ, ಪ್ರತಿ ಭಾನುವಾರ ಅದರ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಅಪ್ಪಿ ಬರಮಾಡಿಕೊಳ್ಳುವ ಅವನು ಆಸೆಪಟ್ಟಿದ್ದು ಇದನ್ನೇ: ಅಂಗೈಯಲ್ಲಿ ಅಡಗುವ ಮೈ, ಹೆಬ್ಬೆರಳ ಗಾತ್ರದ ಗುಂಡು.

"ಇದರ ಒಂದೇಟಿಗೆ ಕರಡಿನೂ ಮಲಗಿಬಿಡುತ್ತೆ ಕಣಣ್ಣ," ಎಂದ ಅಂಗಡಿಯ ಲೀರಾಯ್.

"ನಮ್ಮ ಪಾದ್ರಿ ಪ್ರಸಂಗ ಶುರು ಮಾಡಿದ್ರೂ ಮಲಗುತ್ತೆ ಬಿಡು."

ಅಷ್ಟರಲ್ಲಿ ಅಲ್ಲೇ ಮಾರುವ ಮೀನಿನ ಗಾಳ ಕೊಳ್ಳಲು ಬಂದ, ಅದೇ ಚರ್ಚಿನ ಮುದುಕಿ ವ್ಲಾಸ್ತಾ ಅವನನ್ನು ಕಂಡವಳೇ ಎರಡೂ ಕೈ ಚಾಚಿದಳು. ಆಲ್ವಿನ್‌ನ ಬಲ ಮೊಳಕೈ ತಾನಾಗಿ ಸೊಂಟದ ರಿವಾಲ್ವರಿಗೆ ಅಂಟಿತು, ಮೈ ಪಕ್ಕಕ್ಕೆ ಸರಿಯಿತು. ಅವಳ ತೋಳುಗಳು ಗಾಳಿಯಲ್ಲೇ ಉಳಿದವು.

"ಯಾಕಪ್ಪಾ, ನಾರ್ತಿದೀನಾ? ನಮ್ಮೆಜಮಾನ್ರು ಹೋದ್ಮೇಲೆ ವಾರಕ್ಕೊಂದ್ಸಲ ನನ್ನನ್ನ ಅಪ್ಪೋನು ನೀನೊಬ್ನೇ ಕಣೋ."

ಆಲ್ವಿನ್ ರಿವಾಲ್ವರ್ ಬಿಚ್ಚಿ ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟ. "ಲೀರಾಯ್, ಭಾನುವಾರ ಇದನ್ನ ಕಟ್ಕೊಂಡು ನೀನೇ ಕಾವಲು ನಿಲ್ಲು ಮಾರಾಯ. ನಿನ್ನನ್ನಂತೂ ಯಾರೂ ಅಪ್ಪಲ್ಲ."

"ನಿಲ್ತೀನಿ ಬಿಡಣ್ಣ," ಎಂದು ನಕ್ಕ ಲೀರಾಯ್.

ಆಲ್ವಿನ್ ವ್ಲಾಸ್ತಾಳ ಕಡೆ ತಿರುಗಿ ತನ್ನ ತೋಳುಗಳನ್ನು ಅಗಲವಾಗಿ ತೆರೆದ.