ಪಕ್ಕದ ಮನೆಯ ಮಗು

ಕೊರಳಿಗೆ ಸರ್ಕಾರಿ ಗುರುತಿನ ಚೀಟಿ ತೂಗುಹಾಕಿಕೊಂಡ ಹೆಂಗಸು ಬಾಗಿಲಲ್ಲಿ ನಿಂತದ್ದು ಕಂಡು ತರಾಯಾಳ ಎದೆ ಧಸಕ್ಕೆಂದಿತು. ಒಳಗೆ ಚಾಪೆಯ ಮೇಲೆ ತಂಗಿಯ ಮಗಳು ರೋಟಿಮಾ ಅನ್ನ, ಮೀನು ಉಣ್ಣುತ್ತಿದ್ದಳು. ತಾಯಿ ಸತ್ತ ಮೇಲೆ ಕಿರಿಬಾಟಿ ದ್ವೀಪದಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದ ಮಗು. ವೀಸಾ ಎಂದೋ ಮುಗಿದಿತ್ತು. ಶಾಲೆಯಿಲ್ಲ, ಡಾಕ್ಟರಿಲ್ಲ. ಸೋರುವ ಕಿವಿಗೆ ಹತ್ತಿಯೇ ಮದ್ದು.

ಬಂದವಳು ಮಕ್ಕಳ ರಕ್ಷಣಾ ಇಲಾಖೆಯ ಸೆಫೀನಾ, ಸಮೋವಾ ದ್ವೀಪದವಳು. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕಾಲು ಮಡಚಿ ಕೂತು, "ಈ ಪುಟ್ಟಿ ಯಾರಕ್ಕ?" ಎಂದಳು.

"ಪಕ್ಕದ್ಮನೇದು. ಆಡಕ್ಕೆ ಬಂದಿದೆ."

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕಂತೆ. ಎರಡನೆಯದನ್ನು ಮಗುವೇ ಹೇಳಿತು. ಗಬಗಬನೆ ಉಂಡು, ತಟ್ಟೆ ತೊಳೆದು ಎತ್ತಿಟ್ಟು, "ಬರ್ತೀನಿ ಆಂಟಿ" ಎಂದು ಹೊರಗಿನ ಚಳಿಗಾಳಿಗೆ ನಡೆದುಬಿಟ್ಟಿತು. ಈ ಮನೆಗೆ ಬಂದಾಗಿನಿಂದ 'ದೊಡ್ಡಮ್ಮ' ಎಂದೇ ಕರೆದಿದ್ದ ಮಗು.

ಸೆಫೀನಾ ಯಾರನ್ನೂ ಹಿಡಿಯಲು ಬಂದವಳಲ್ಲ. ವೀಸಾ ಇಲ್ಲದ ಮಕ್ಕಳಿಗೂ ಇನ್ನು ಡಾಕ್ಟರು, ಶಾಲೆ ಎರಡೂ ಉಚಿತವೆಂದೂ, ಯಾರನ್ನೂ ವಾಪಸು ಕಳಿಸುವುದಿಲ್ಲವೆಂದೂ ಬೀದಿಯಲ್ಲಿ ಮನೆಮನೆಗೆ ಹೇಳುತ್ತಿದ್ದಳು. ಅಂಥ ಮಗು ಎಲ್ಲಾದರೂ ಇದೆಯೇ ಎಂದು ಕೇಳಿದಳು.

ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಸತ್ಯದ ಪಾಠ ಹೇಳುವವಳು ತರಾಯಾಳೇ. ಈಗ ತಾನೇ ಹೇಳಿದ ಸುಳ್ಳನ್ನು ಯಾವ ಮುಖ ಇಟ್ಟುಕೊಂಡು ನುಂಗುವುದು? ಗೊತ್ತಿಲ್ಲ ಎಂದುಬಿಟ್ಟಳು.

ಸೆಫೀನಾ ತೊಳೆದಿಟ್ಟ ತಟ್ಟೆಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಪಕ್ಕದ್ಮನೆ ಮಗೂಗೆ ನಿಮ್ಮನೆ ತಟ್ಟೆ ಎಲ್ಲಿಡ್ಬೇಕು ಅಂತ ಚೆನ್ನಾಗ್ ಗೊತ್ತು, ಅಲ್ವಾಕ್ಕ?" ಎಂದಳು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ತರಾಯಾಳಿಗೆ. "ನಮ್ದೇ ಮಗು ಕಣಮ್ಮ. ನನ್ ತಂಗಿ ಮಗಳು. ಕಿವಿ ಸೋರ್ತಿದೆ" ಎಂದವಳೇ ಬರಿಗಾಲಲ್ಲಿ ಓಡಿದಳು.

ರೋಟಿಮಾ ಬಸ್ ಸ್ಟಾಪಿನ ಬೆಂಚಿನಲ್ಲಿ ಕಿವಿಗೆ ಕೈ ಒತ್ತಿ ಕೂತಿದ್ದಳು. ತರಾಯಾ ಅವಳನ್ನು ತಬ್ಬಿಕೊಂಡು, ತಪ್ಪಾಯ್ತೆಂದು ಮತ್ತೆ ಮತ್ತೆ ಹೇಳುತ್ತಾ ಕೈ ಹಿಡಿದು ಕರೆತಂದಳು.

ಮನೆಯ ಬಾಗಿಲು ಪೂರಾ ತೆರೆದೇ ಇತ್ತು. ಒಳಗೆ ಸೆಫೀನಾ ಇನ್ನೂ ಕೂತಿದ್ದಳು. ಮಗು ಹೊಸ್ತಿಲ ಹೊರಗೇ ನಿಂತು, ಕೈ ಬಿಡಿಸಿಕೊಂಡು, ತೆರೆದ ಬಾಗಿಲನ್ನು ಮೆಲ್ಲಗೆ ತಟ್ಟಿ ತರಾಯಾಳ ಮುಖ ನೋಡಿತು.

"ಒಳಗ್ ಬರ್ಲಾ ಆಂಟಿ?"