ಒಂದು ಕುರ್ಚಿ, ಎರಡು ಎದೆಬಡಿತ

ಸ್ವಲ್ಪ ಕೇಳಿ ಇಲ್ಲಿ, ನನಗಿನ್ನೂ ಮೈ ಉರೀತಿದೆ! ನಮ್ಮ ಗಾರ್ಮೆಂಟ್ಸಲ್ಲಿ ಕುರ್ಚಿಗಳೇ ಎದೆಬಡಿತ ಕೇಳಿ ನಮ್ಮ ಆರೋಗ್ಯ ನೋಡ್ತವಲ್ಲ? ಇವತ್ತು ಊಟದ ಹೊತ್ತಲ್ಲಿ ಬಸುರಿ ಶಾಂಭವಿಗೆ ಎಲ್ಲಾ ಸೇರಿ ಹಸಿರು ಬಳೆ ತೊಡಿಸಿದ್ವಿ. ಅವಳು ವಾಪಸ್ ಕೂತಿದ್ದೇ ತಡ, ಹೊಲಿಗೆ ಮಷಿನ್ ನಿಂತೋಯ್ತು.

"ಮೊದಲ ಸಲ ಎರಡು ಎದೆಬಡಿತ ಕೇಳ್ತಿದೆ. ಒಂದು ಕುರ್ಚೀಲಿ ಇಬ್ಬರು. ಕೆಲಸ ರದ್ದು," ಅಂತು ಕುರ್ಚಿ.

"ಸರ್, ಇನ್ನೊಬ್ರು ಹೊಟ್ಟೇಲಿರೋ ಮಗು!" ಅಂದೆ.

ಸೂಪರ್‌ವೈಸರ್ ಲೋಕಪ್ಪ, "ಸಿಸ್ಟಮ್ಮೇ ಹೇಳಿದ್ಮೇಲೆ ನಾನೇನಮ್ಮ ಮಾಡ್ಲಿ? ಶಾಂಭವಿ, ನಾಳೆಯಿಂದ ಬರ್ಬೇಡ," ಅಂದ.

ಅವಳು ಅಳ್ತಾ ಬಳೆ ಬಿಚ್ಚೋಕೆ ಹೋದ್ಲು. ನನಗೆ ತಡ್ಕೊಳೋಕಾಗ್ಲಿಲ್ಲ. ಹೋಗಿ ಅದೇ ಕುರ್ಚಿ ತುದೀಲಿ ಅವಳ ಪಕ್ಕಾನೇ ಕೂತೆ. ಪಕ್ಕದ ಮಷಿನ್ ನೂರ್‌ಜಾನಕ್ಕ ಬಂದು ನನ್ನ ತೊಡೆ ಮೇಲೇ ಕೂತ್ರು.

"ಈಗ ನಾಲ್ಕು ಜನ! ಎಲ್ರನ್ನೂ ಕಳಿಸಿ ಸರ್, ನೋಡೋಣ!" ಅಂದೆ.

ನೀವಾಗಿದ್ರೆ ಏನ್ ಮಾಡ್ತಿದ್ರಿ ಹೇಳಿ?